ಏಳನೆಯ ಉಲ್ಲೇಖ

ಬೆಳಗ್ಗೆ ಎದ್ದ ಕೂಡಲೇ ದೇವರ ಪಟ ನೋಡುವವರಿದ್ದಾರೆ, ಅಂಗೈ ನೋಡಿಕೊಳ್ಳುವವರಿದ್ದಾರೆ. ನಾನು ಫೋನಿನಲ್ಲಿ ನನ್ನ ಹೆಸರನ್ನೇ ಹುಡುಕುತ್ತೇನೆ. ನಾಚಿಕೆಯ ಸಂಗತಿ, ನಿಮ್ಮ ಮುಂದೆ ಒಪ್ಪಿಕೊಂಡುಬಿಟ್ಟರೆ ಭಾರ ಇಳಿಯಿತು. ಹೆಸರು ಒತ್ತಿದರೆ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಬರೆದ ಸಂಶೋಧನಾ ಲೇಖನಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಒಂದೊಂದರ ಮುಂದೆಯೂ ಒಂದು ಸಂಖ್ಯೆ. ಆ ಲೇಖನವನ್ನು ಬೇರೆ ಎಷ್ಟು ಲೇಖನಗಳಲ್ಲಿ ಹೆಸರಿಸಿದ್ದಾರೆ ಎಂಬ ಎಣಿಕೆ ಅದು. ಉಲ್ಲೇಖ ಎನ್ನುತ್ತಾರೆ. ಅದೇ ಹೊತ್ತಿಗೆ ನಮ್ಮ ಶಿಡ್ಲಘಟ್ಟದ ಅರ್ಧ ಊರು ಫೋನಿನಲ್ಲಿ ರೇಷ್ಮೆಗೂಡಿನ ಧಾರಣೆ ನೋಡುತ್ತಿರುತ್ತದೆ. ಅವರ ಸಂಖ್ಯೆ ದಿನಾ ಏರುತ್ತದೆ, ಇಳಿಯುತ್ತದೆ. ನನ್ನದು ಇಳಿಯುವುದಿಲ್ಲ ಎಂಬುದೊಂದು ಸಮಾಧಾನ. ಏರುವುದೂ ಇಲ್ಲ ಎಂಬುದೇ ಸಂಕಟ.

ನನ್ನ ಹೆಂಡತಿ ವನಜ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಮ್ಮ. ಚಿಂತಾಮಣಿಯ ಕಡೆಯವಳು, ಅಂಬಾಜಿದುರ್ಗದ ಬುಡದ ಊರು. ಕೋಪ ಬಂದರೂ ಕನಿಕರ ಬಂದರೂ ಅವಳ ಕನ್ನಡದೊಳಕ್ಕೆ ಒಂದು ತೆಲುಗು ಮಾತು ನುಸುಳುತ್ತದೆ. ಕಾಫಿ ಲೋಟ ಕೈಗಿಡುತ್ತಾ, ನಲ್ಲಿಯಲ್ಲಿ ನೀರು ಬಂತೇ ಎಂದು ಪಕ್ಕದ ಮನೆಯವರನ್ನು ಕೇಳುವ ದನಿಯಲ್ಲೇ, "ಬಂತಾ?" ಎನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ. "ಪೋನೀ ಬಿಡ್ರಿ, ನಾಳೆ ಬರ್ತದೆ" ಎಂದು ಒಳಗೆ ಹೋಗುತ್ತಾಳೆ. ನಲ್ಲಿ ನೀರಿನ ವಿಷಯದಲ್ಲೂ ಅವಳು ಹೇಳುವುದು ಇದನ್ನೇ.

ನಾನು ಮೇಷ್ಟ್ರಾಗಿರುವುದು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ. ವಿಷಯ ಭೌತ ರಸಾಯನಶಾಸ್ತ್ರ. ಇದು ಬಹಳ ಅನಾಥವಾದ ವಿದ್ಯೆ. ಭೌತಶಾಸ್ತ್ರದವರು ನಮ್ಮನ್ನು ಬಣ್ಣದ ನೀರು ಕಲಕುವವರು ಎಂದುಕೊಂಡಿದ್ದಾರೆ. ರಸಾಯನಶಾಸ್ತ್ರದವರು ನಮ್ಮನ್ನು ಲೆಕ್ಕ ಮಾಡುವವರು ಎಂದುಕೊಂಡಿದ್ದಾರೆ. ನೆಂಟರಿಷ್ಟರಂತೂ ಕೆಮಿಸ್ಟ್ರಿ ಎಂದ ಮೇಲೆ ಔಷಧಿಯೇ ಎಂದು ತೀರ್ಮಾನಿಸಿದ್ದಾರೆ. ಯಾವ ಮದುವೆಗೆ ಹೋದರೂ ಒಬ್ಬರಾದರೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, "ದ್ರಾಕ್ಷಿಗೆ ಬೂದಿರೋಗ ಬಂದದೆ ಕಣಪ್ಪ, ಏನು ಹೊಡೀಬೇಕು ಹೇಳು" ಎಂದು ಕೇಳದೆ ಬಿಟ್ಟಿಲ್ಲ. ಒಂದು ವಸ್ತು ಇನ್ನೊಂದರಲ್ಲಿ ಎಷ್ಟು ಬೇಗ ಕರಗುತ್ತದೆ, ಯಾಕೆ ಅಷ್ಟೇ ಬೇಗ ಕರಗುತ್ತದೆ ಎಂಬುದನ್ನು ನೋಡುವವನು ನಾನು ಎಂದು ವಿವರಿಸಿದರೆ, "ಅದನ್ನ ನೋಡಕ್ಕೂ ಸಂಬಳ ಕೊಡ್ತಾರಾ?" ಎಂದು ನಿಜವಾದ ಅಕ್ಕರೆಯಿಂದ ವಿಚಾರಿಸುತ್ತಾರೆ.

ಕೊಡುತ್ತಾರೆ. ಆದರೆ ಬಡ್ತಿ ಕೊಡಬೇಕಾದರೆ ಎಚ್-ಇಂಡೆಕ್ಸ್ ಕೇಳುತ್ತಾರೆ. ಈ ಎಚ್-ಇಂಡೆಕ್ಸ್ ಎಂಬುದನ್ನು ಮದುವೆ ಊಟದ ಲೆಕ್ಕದಲ್ಲಿ ಹೇಳಿದರೆ ಸುಲಭ. ನೀವು ಎಷ್ಟು ಪಂಕ್ತಿ ಹಾಕಿಸಿದಿರಿ ಎಂಬುದು ಮುಖ್ಯವಲ್ಲ, ಒಂದೇ ಪಂಕ್ತಿಗೆ ನೂರು ಜನ ನುಗ್ಗಿದರೂ ಪ್ರಯೋಜನವಿಲ್ಲ. ಏಳು ಪಂಕ್ತಿಗಳಲ್ಲಿ, ಪ್ರತಿಯೊಂದರಲ್ಲೂ ಕನಿಷ್ಠ ಏಳು ಜನ ಕೂತು ಉಂಡೆದ್ದಿದ್ದರೆ ನಿಮ್ಮ ಅಂಕ ಏಳು. ಅಂದರೆ ಏಳು ಲೇಖನಗಳು, ಪ್ರತಿಯೊಂದಕ್ಕೂ ಕನಿಷ್ಠ ಏಳು ಉಲ್ಲೇಖ. ನಮ್ಮ ಕಾಲೇಜಿನಲ್ಲಿ ಪ್ರೊಫೆಸರ್ ಆಗಬೇಕಾದರೆ ಈ ಅಂಕ ಏಳಿರಬೇಕು. ನನ್ನ ಆರು ಪಂಕ್ತಿಗಳು ಭರ್ತಿಯಾಗಿದ್ದವು. ಏಳನೆಯದರಲ್ಲಿ ಆರು ಎಲೆಗಳ ಮುಂದೆ ಜನ ಕೂತಿದ್ದರು. ಒಂದು ಎಲೆ ಖಾಲಿ. ಬಡಿಸಲು ನಿಂತವನ ಪಾಡು ನಿಮಗೆ ಗೊತ್ತಲ್ಲ, ನಾನು ಎರಡು ವರ್ಷದಿಂದ ಆ ಖಾಲಿ ಎಲೆಯನ್ನೇ ನೋಡುತ್ತಾ ನಿಂತಿದ್ದೆ.

ನನ್ನ ಲೇಖನವನ್ನು ನಾನೇ ಉಲ್ಲೇಖಿಸಿಕೊಂಡರೆ ಆಗದೇ ಎಂದು ನೀವು ಕೇಳಬಹುದು. ಆ ದಾರಿಯಲ್ಲಿ ಮೊದಲೇ ಬಹಳ ಜನ ಓಡಾಡಿದ್ದರಿಂದ ಸಮಿತಿಯವರು ಬೇಲಿ ಹಾಕಿದ್ದಾರೆ. ಇನ್ನೊಂದು ದಾರಿ ಮುಯ್ಯಾಳು. ನಿಮ್ಮ ಹೊಲದ ಕಳೆ ತೆಗೆಯಲು ನಾವು ಬರುತ್ತೇವೆ, ನಮ್ಮದಕ್ಕೆ ನೀವು ಬನ್ನಿ ಎಂದು ಹಳ್ಳಿಯಲ್ಲಿ ಆಳು ಬದಲಾಯಿಸಿಕೊಳ್ಳುವ ಪದ್ಧತಿಯಿದೆಯಲ್ಲ, ಅದೇ. ಗೌರಿಬಿದನೂರಿನಲ್ಲಿ ಮೇಷ್ಟ್ರಾಗಿರುವ ಗೆಳೆಯ ನಾರಾಯಣಪ್ಪ ನನ್ನನ್ನು ಉಲ್ಲೇಖಿಸುವುದು, ನಾನು ಅವನನ್ನು ಉಲ್ಲೇಖಿಸುವುದು ಬಹಳ ಕಾಲ ಅಚ್ಚುಕಟ್ಟಾಗಿ ನಡೆದಿತ್ತು. ಆದರೆ ಅವನು ಈಗ ಮಣ್ಣಿನ ಸಂಶೋಧನೆಗೆ ಇಳಿದಿದ್ದಾನೆ. ಶೇಂಗಾ ಬೆಳೆಯುವ ಕೆಮ್ಮಣ್ಣಿನ ಲೇಖನದೊಳಕ್ಕೆ ನನ್ನ ರೇಷ್ಮೆಯ ಅಂಟನ್ನು ತೂರಿಸಲು ಎರಡು ಸಲ ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಎರಡು ಸಲವೂ ಪರಿಶೀಲಕರು ಕಳೆಯಂತೆ ಕಿತ್ತು ಹಾಕಿದರು.

ಆ ಏಳನೆಯ ಲೇಖನ ರೇಷ್ಮೆಯ ಅಂಟಿನದು. ಹುಳು ಗೂಡು ಕಟ್ಟುವಾಗ ಎಳೆಗೆ ಎಳೆ ಅಂಟಿಸಲು ಒಂದು ಗೋಂದು ಬಿಡುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಆ ಗೋಂದು ಸಡಿಲವಾಗಿ ನೂಲು ಬಿಚ್ಚಿಕೊಳ್ಳುತ್ತದೆ. ಗಡಸು ನೀರಿನಲ್ಲಿ ಅದು ಎಷ್ಟು ಬೇಗ ಕರಗುತ್ತದೆ ಎಂದು ನಾನು ಅಳೆದೆ. ಪ್ರಯೋಗಾಲಯದಲ್ಲಿ ಕೂತು ಅಳೆಯುವ ಬದಲು, ಆರು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ಆಚೆಗಿನ ಚಾಂದ್ ಪಾಷ ಅವರ ನೂಲು ಬಿಚ್ಚುವ ಶೆಡ್ಡಿಗೇ ಥರ್ಮಾಮೀಟರು, ತಕ್ಕಡಿ ಹೊತ್ತುಕೊಂಡು ಹೋಗಿ, ಅವರ ಬೋರ್‌ವೆಲ್ಲಿನ ನೀರಿನಲ್ಲಿ ಐದು ದಿನ ಕೂತು ಅಳೆದೆ. ಲೇಖನದಲ್ಲಿ ಇದನ್ನು 'ಕ್ಷೇತ್ರ ಪರಿಸ್ಥಿತಿಯಲ್ಲಿ ನಡೆಸಿದ ಪ್ರಯೋಗ' ಎಂದು ಸ್ವಲ್ಪ ಎದೆಯುಬ್ಬಿಸಿಯೇ ಬರೆದಿದ್ದೆ.

ಹೀಗಿರುವಾಗ ಬಡ್ತಿಯ ಸಂದರ್ಶನಕ್ಕೆ ಮೂರು ವಾರ ಇರುವಂತೆ ಒಂದು ಸೋಮವಾರ ಬೆಳಗ್ಗೆ ಫೋನು ನೋಡಿದರೆ ಆರು ಇದ್ದದ್ದು ಏಳಾಗಿದೆ. ಕನ್ನಡಕ ಒರೆಸಿಕೊಂಡು ನೋಡಿದೆ. ಏಳೇ. ವನಜ "ಬಂತಾ?" ಎನ್ನುವುದಕ್ಕೆ ಮೊದಲೇ "ಬಂತು ಕಣೇ!" ಎಂದು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಬಂದರು. ಅವತ್ತು ಶ್ಯಾವಿಗೆ ಪಾಯಸವಾಯಿತು. ಕಾಲೇಜಿನಲ್ಲಿ ನಡಿಗೆಯೇ ಬದಲಾಗಿತ್ತಂತೆ, ಸಹೋದ್ಯೋಗಿಗಳು ಹೇಳಿದರು. ಪ್ರೊಫೆಸರುಗಳು ನಿಧಾನವಾಗಿ ನಡೆಯುತ್ತಾರೆ ಎಂಬುದನ್ನು ನಾನು ಗಮನಿಸಿಟ್ಟುಕೊಂಡಿದ್ದೆ.

ಉಲ್ಲೇಖಿಸಿದ ಲೇಖನವನ್ನು ಓದಬೇಕೆಂದು ನೆನಪಾದದ್ದು ಸಂಜೆ, ಪಾಯಸದ ಎರಡನೆಯ ಬಟ್ಟಲು ಮುಗಿದ ಮೇಲೆ. ಅಸ್ಸಾಮಿನ ಒಂದು ವಿಶ್ವವಿದ್ಯಾಲಯದಿಂದ ರಿತುಮಣಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಬರೆದ ಪುಟ್ಟ ಲೇಖನ. ನನ್ನ ಹೆಸರು ಹುಡುಕಿದೆ. ಮೂರನೆಯ ಪುಟದಲ್ಲಿ ಸಿಕ್ಕಿತು. ಗಡಸು ನೀರಿನ ಬಗ್ಗೆ ಈ ಹಿಂದೆ ಪ್ರಕಟವಾದ ಮೌಲ್ಯಗಳು ನಮ್ಮ ಪ್ರಯೋಗಗಳಲ್ಲಿ ಮರಳಿ ಸಿಗಲಿಲ್ಲ, ಕಾರಣ ತಿಳಿದುಬಂದಿಲ್ಲ ಎಂದು ಅಲ್ಲಿ ಬರೆದಿತ್ತು.

ವಿಜ್ಞಾನದ ಭಾಷೆ ಬಹಳ ಮರ್ಯಾದೆಯದು. ಇದೇ ಮಾತನ್ನು ನಮ್ಮ ಸಂತೆಯಲ್ಲಿ ಆಡುವುದಾದರೆ 'ಏನಯ್ಯಾ, ಸುಳ್ಳು ಹೇಳ್ತೀಯಾ?' ಎನ್ನುತ್ತಾರೆ. ಎಣಿಸುವ ಯಂತ್ರಕ್ಕೆ ಮಾತ್ರ ಹೊಗಳಿದ್ದೂ ಒಂದೇ, ಉಗಿದದ್ದೂ ಒಂದೇ. ಹೆಸರು ಬಂತಲ್ಲ, ಒಂದು ಎಂದು ಹಾಕಿಕೊಳ್ಳುತ್ತದೆ. ನಾನು ಇಡೀ ದಿನ ಊರೆಲ್ಲ ಹಂಚಿಕೊಂಡು ಬಂದದ್ದು ನನಗೆ ಬಿದ್ದ ಬೈಗುಳವನ್ನು.

ಯಾಕೋ ಅನುಮಾನ ಬಂದು ಕಾಲೇಜಿನ ಇ-ಮೇಲ್ ತೆರೆದೆ. ದಿನಾ ನನ್ನ ಸಂಖ್ಯೆ ನೋಡಿಕೊಳ್ಳುವ ಭರದಲ್ಲಿ ನನಗೆ ಬಂದ ಕಾಗದ ನೋಡುವ ಅಭ್ಯಾಸ ತಪ್ಪಿಹೋಗಿತ್ತು. ರಿತುಮಣಿಯ ಪತ್ರ ಒಂಬತ್ತು ದಿನದಿಂದ ಅಲ್ಲಿ ಕಾದು ಕೂತಿತ್ತು. ನಾನು ಕೊಟ್ಟಷ್ಟೇ ಗಡಸಿನ ನೀರು ಮಾಡಿಕೊಂಡು ಎಂಟು ತಿಂಗಳು ಆಕೆ ಅಳೆದಿದ್ದಾಳೆ. ಪ್ರತಿ ಸಲವೂ ಗೋಂದು ನಾನು ಹೇಳಿದ್ದರ ಅರ್ಧ ವೇಗದಲ್ಲಿ ಕರಗಿದೆ. ಥರ್ಮಾಮೀಟರು ಬದಲಾಯಿಸಿದ್ದಾಳೆ, ತಕ್ಕಡಿ ಬದಲಾಯಿಸಿದ್ದಾಳೆ. ಮಾರ್ಗದರ್ಶಕರು, ಅಚ್ಚಾದ ಲೇಖನದಲ್ಲಿ ಹೀಗಿರುವಾಗ ತಪ್ಪು ನಿನ್ನ ಕೈಯದೇ ಇರಬೇಕು ಎಂದಿದ್ದಾರೆ. ಈಗ ಪಿಎಚ್.ಡಿ. ಪ್ರಬಂಧ ಒಪ್ಪಿಸಿದರೆ ಪರೀಕ್ಷಕರು, ಈ ವ್ಯತ್ಯಾಸಕ್ಕೆ ಕಾರಣ ಹೇಳು ಎಂದು ಹಿಂದಕ್ಕೆ ಕಳಿಸಿದ್ದಾರೆ. ನಿಮ್ಮ ಪ್ರಯೋಗದಲ್ಲಿ ಲೇಖನದಲ್ಲಿ ಬರೆಯದೆ ಬಿಟ್ಟ ಸಂಗತಿ ಏನಾದರೂ ಇತ್ತೇ ಸರ್, ಎಂದು ಕೊನೆಗೆ ಕೇಳಿದ್ದಳು.

ಮರುದಿನ ಬೆಳಗ್ಗೆ ನಾನು ಚಾಂದ್ ಪಾಷ ಅವರ ಶೆಡ್ಡಿಗೆ ಹೋದೆ. ಬೇಸಿನ್ನುಗಳಿಂದ ಹಬೆ ಏಳುತ್ತಿತ್ತು, ಬೆಂದ ಹುಳುವಿನ ವಾಸನೆ. ಅರವತ್ತರ ಆಸುಪಾಸಿನ ಪಾಷ, ಕುದಿಯುವುದಕ್ಕೆ ಸ್ವಲ್ಪ ಕಡಮೆ ಬಿಸಿಯ ನೀರಿಗೆ ಬೆರಳು ಅದ್ದಿ ತೆಗೆಯುತ್ತಾ ನಿಂತಿದ್ದರು. ಆ ಬೆರಳುಗಳಿಗೆ ಥರ್ಮಾಮೀಟರು ಬೇಕಿಲ್ಲ.

"ಪಾಷಣ್ಣ, ಆರು ವರ್ಷದ ಹಿಂದೆ ನಾನು ಇಲ್ಲಿ ಐದು ದಿನ ಕೂತಿದ್ದೆನಲ್ಲ, ಆಗ ಏನಾದ್ರೂ ವಿಶೇಷ ಆಗಿತ್ತಾ?" ಎಂದು ಕೇಳಿದೆ.

"ಆಗ್ದೆ ಏನು ಸಾರ್! ನನ್ ಮಗಳ ನಿಶ್ಚಯದ ವಾರ ಅದು. ಎರಡ್ನೇ ದಿನ ಬೋರಿನ ಮೋಟ್ರು ಸುಟ್ಟೋಯ್ತು. ಮೂರು ದಿನ ಮೇಲೂರು ಕಡೆ ತೋಟದ ಬಾವಿಯಿಂದ ಟ್ಯಾಂಕರ್ ತರಿಸ್ದೆ. ಏನು ನೀರು ಸಾರ್ ಅದು, ಒಳ್ಳೆ ಮೆತ್ತಗೆ. ನೂಲು ಎಣ್ಣೆ ಹಚ್ದಂಗೆ ಬಂತು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ! ಇವತ್ತು ನೀರು ಬೇರೆ ಸಾರ್ ಅಂದೆ. ನೀವು ಹ್ಞೂಂ ಅಂದ್ರಿ. ಬರ್ಕೊಳ್ಲಿಲ್ಲ."

ನಾನು ಬರೆದುಕೊಂಡಿರಲಿಲ್ಲ. ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಉಷ್ಣತೆಗೆ ಒಂದು ಅಂಕಣ, ಸಮಯಕ್ಕೆ ಒಂದು, ತೂಕಕ್ಕೆ ಒಂದು. ಎಲ್ಲ ಸ್ಕೇಲಿನಲ್ಲಿ ಗೆರೆ ಎಳೆದದ್ದು. ನೀರು ಎಲ್ಲಿಂದ ಬಂತು ಎಂಬುದಕ್ಕೆ ಅಂಕಣವಿರಲಿಲ್ಲ. ಗಡಸುತನವನ್ನು ಮೊದಲ ದಿನ ಒಮ್ಮೆ ಅಳೆದು, ಐದೂ ದಿನಕ್ಕೂ ಅದನ್ನೇ ಹಾಕಿದ್ದೆ. ಬೇರೆ ಊರಿನವನಾಗಿದ್ದರೆ ಬೀದಿಗೆ ಟ್ಯಾಂಕರು ಬಂದು ನಿಂತದ್ದನ್ನು ಒಂದು ಘಟನೆ ಎಂದು ಬರೆದಿಟ್ಟುಕೊಳ್ಳುತ್ತಿದ್ದನೋ ಏನೋ. ಸಾವಿರ ಅಡಿ ಕೊರೆದರೂ ಮೋಟಾರು ಸುಡುವ, ಟ್ಯಾಂಕರು ಬರುವುದು ಪೇಪರು ಬಂದಷ್ಟೇ ಸಹಜವಾದ ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನ ಕಣ್ಣಿಗೆ ಅದು ಕಾಣಲೇ ಇಲ್ಲ. ಗಡಸು ನೀರು ಎಂದು ನಾನು ಜಗತ್ತಿಗೆ ಸಾರಿದ್ದು ಮೇಲೂರಿನ ಮೆದು ನೀರನ್ನು. ಆ ಮೂರು ದಿನದ ಅಳತೆಗಳೇ ನನ್ನ ಕೋಷ್ಟಕದ ಹೆಚ್ಚಿನ ಪಾಲು.

ಕಾರಣ ಸಿಕ್ಕಿತು. ಇನ್ನು ಪತ್ರ ಬರೆದರಾಯಿತು ಎಂದು ನೀವು ಅಂದುಕೊಳ್ಳುತ್ತೀರಿ. ನಾನು ಹಾಗಂದುಕೊಳ್ಳಲಿಲ್ಲ. ನನಗೆ ಹೊಳೆದದ್ದು, ಸಂದರ್ಶನಕ್ಕೆ ಇನ್ನು ಮೂರೇ ವಾರ ಎಂಬುದು. ತಪ್ಪೆಂದು ಒಪ್ಪಿದ ಲೇಖನವನ್ನು ಸಮಿತಿ ಎಣಿಸುವುದಿಲ್ಲ. ಏಳು ಮತ್ತೆ ಆರಾಗುತ್ತದೆ. ಮೂರು ವಾರ ಸುಮ್ಮನಿದ್ದು, ಪ್ರೊಫೆಸರಾಗಿ, ಆಮೇಲೆ ಘನತೆಯಿಂದ ತಪ್ಪೊಪ್ಪಿಕೊಂಡರೆ ಯಾರಿಗೇನು ನಷ್ಟ? ಪ್ರೊಫೆಸರಾದವರು ತಪ್ಪೊಪ್ಪಿಕೊಂಡರೆ ಅದಕ್ಕೆ ಬೆಲೆಯೂ ಹೆಚ್ಚು ಎಂದು ಒಂದು ತರ್ಕ ಕೂಡ ಹುಟ್ಟಿತು. 'ಹಳೆಯ ದಾಖಲೆಗಳನ್ನು ಪರಿಶೀಲಿಸುತ್ತಿದ್ದೇನೆ, ಕೆಲವು ವಾರ ಬೇಕಾಗಬಹುದು' ಎಂದು ಸೊಗಸಾದ ಇಂಗ್ಲಿಷಿನಲ್ಲಿ ಒಂದು ಉತ್ತರ ಬರೆದಿಟ್ಟುಕೊಂಡು, ಕಳಿಸದೆ ನಾಲ್ಕು ದಿನ ಅದರ ಅಲ್ಪವಿರಾಮಗಳನ್ನು ತಿದ್ದುತ್ತಾ ಕೂತೆ.

ಐದನೆಯ ದಿನ ವನಜ ಉತ್ತರಪತ್ರಿಕೆ ತಿದ್ದುತ್ತಾ ಪಕ್ಕದಲ್ಲಿ ಕೂತಿದ್ದಳು. ಏನು ಬರೆಯುತ್ತಿದ್ದೀರಿ ಎಂದಳು. ಹೇಳಿದೆ. ಕೆಂಪು ಪೆನ್ನಿನ ಕ್ಯಾಪು ಹಾಕಿ ಕೆಳಗಿಟ್ಟಳು.

"ಆ ಹುಡ್ಗೀಗೆ ನಿನ್ ಕೈ ಸರಿಯಿಲ್ಲ ಅಂದವ್ರೆ ಅಲ್ವಾ?"

"ಹೂಂ."

"ನಿಮ್ಗೆ ಬಡ್ತಿ ಸಿಗೋವರ್ಗೂ ಅವ್ಳ ಕೈ ಸರಿಯಿಲ್ದೇ ಇರ್ಬೇಕಾ?"

ನಾನು ಮೂರೇ ವಾರ ಎಂದೆ.

"ಎಂಟು ತಿಂಗಳಾದ್ಮೇಲೆ ಮೂರು ವಾರ! ಅಯ್ಯೋ ಪಾಪಮು" ಎಂದಳು. ಕನಿಕರ ಆ ಹುಡುಗಿಯ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಪೆನ್ನು ತೆಗೆದುಕೊಂಡು ಮತ್ತೆ ತಿದ್ದತೊಡಗಿದಳು. ಆ ಸಂಜೆ ಯಾವ ಹುಡುಗನಿಗೂ ಒಳ್ಳೆಯ ಅಂಕ ಬಂದ ಹಾಗೆ ಕಾಣಲಿಲ್ಲ.

ನಿಜ ಹೇಳುತ್ತೇನೆ, ನನಗೆ ಆಗ ನಾಚಿಕೆಯಾಯಿತು. ಫೋನು ಹಿಡಿದು ಹೆಸರು ಹುಡುಕುವಾಗಿನ ಸಣ್ಣ ನಾಚಿಕೆಯಲ್ಲ, ಊಟ ಸೇರದ ಜಾತಿಯದು. ಎರಡು ವರ್ಷ ನಾನು ಆ ಸಂಖ್ಯೆಯನ್ನು ನೋಡಿದ್ದೇನೆ. ಒಂದೊಂದು ಉಲ್ಲೇಖದ ಹಿಂದೆಯೂ ಯಾರೋ ಒಬ್ಬರು ನಾನು ಬರೆದದ್ದನ್ನು ನಂಬಿ, ನೀರು ಕಾಯಿಸಿ, ತಕ್ಕಡಿಯ ಮುಂದೆ ಕೂತಿರುತ್ತಾರೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಪ್ರಭಾವ, ಪ್ರಭಾವ ಎಂದು ನಾವು ಸಭೆಗಳಲ್ಲಿ ಮಾತಾಡುತ್ತೇವೆ. ನನ್ನ ಪ್ರಭಾವ ಅಸ್ಸಾಮಿನ ಒಂದು ಹುಡುಗಿಯ ಮೇಲೆ ಎಂಟು ತಿಂಗಳು ಬಿದ್ದಿತ್ತು.

ಸೊಗಸಾದ ಉತ್ತರವನ್ನು ಅಳಿಸಿ, ನಡೆದದ್ದನ್ನು ನಡೆದ ಹಾಗೆ ಬರೆದೆ. ಮೋಟಾರು, ಟ್ಯಾಂಕರು, ಮೇಲೂರು, ಇಲ್ಲದ ಅಂಕಣ ಎಲ್ಲ. ಆ ಬಾವಿಯ ನೀರು ತರಿಸಿ ಅಳೆದು ಅದರ ಗಡಸುತನವನ್ನೂ ಸೇರಿಸಿದೆ. ಪತ್ರ ರಿತುಮಣಿಗೆ ಹೋಯಿತು, ಅರ್ಧ ಪುಟದ ತಿದ್ದುಪಡಿ ಪತ್ರಿಕೆಯ ಸಂಪಾದಕರಿಗೆಂದು ಸಿದ್ಧವಾಯಿತು. ತಿದ್ದುಪಡಿಯಲ್ಲಿ ಚಾಂದ್ ಪಾಷ ಅವರನ್ನು ಸಹಲೇಖಕರಾಗಿ ಸೇರಿಸಬೇಕೆಂದು ನನಗೆ ಉತ್ಸಾಹ ಬಂತು. ಸತ್ಯ ಹೇಳಿದವರು ಅವರಲ್ಲವೇ? ಶೆಡ್ಡಿಗೆ ಹೋಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕೈ ಒರೆಸಿಕೊಂಡು ಕೇಳಿದರು:

"ಇದು ತಪ್ಪಾಗೋಯ್ತು ಅಂತ ಹೇಳೋ ಕಾಗ್ದ ಅಲ್ವಾ ಸಾರ್?"

"ಹೌದು."

"ತಪ್ಪು ಮಾಡ್ದೋರು ನೀವು. ಹೆಸರು ನಂದಾ?"

ವಿಜ್ಞಾನದಲ್ಲಿ ಇದು ಗೌರವ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. "ನಲವತ್ತು ವರ್ಷದಿಂದ ನೂಲು ಬಿಚ್ತಿದೀನಿ, ಒಂದು ದಿನಾನೂ ನೀರಿನ್ ವಿಷ್ಯ ತಪ್ಪು ಹೇಳಿಲ್ಲ. ಈಗ ಅಚ್ಚು ಮಾಡಿ ಊರೂರಿಗೆ ಕಳಿಸ್ತೀರಾ?" ಎಂದು ಬೇಸರಪಟ್ಟುಕೊಂಡರು. ಕೊನೆಗೆ, 'ನೀರು ಬದಲಾದುದನ್ನು ಶೆಡ್ಡಿನ ಮಾಲೀಕರು ಅಂದೇ ತಿಳಿಸಿದ್ದರು, ಲೇಖಕನು ಬರೆದುಕೊಳ್ಳಲಿಲ್ಲ' ಎಂದು ಒಂದು ವಾಕ್ಯ ಹಾಕುವುದಕ್ಕೆ ರಾಜಿಯಾಯಿತು. ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದ ಮೇಲೆಯೇ ಕಳಿಸಲು ಬಿಟ್ಟರು.

ಸಂದರ್ಶನದ ದಿನ ಸಮಿತಿಯ ಅಧ್ಯಕ್ಷರು ನನ್ನ ಕಡತ ನೋಡಿ, "ಏಳು ಇದೆ, ಸರಿ" ಎಂದು ಮುಂದಿನ ಹಾಳೆ ತಿರುವಿದರು. ನಾನು ಕೆಮ್ಮಿ, ಏಳನೆಯದು ನನ್ನ ಲೇಖನ ತಪ್ಪು ಎಂದು ಹೇಳಿದ ಉಲ್ಲೇಖ, ಅವರು ಹೇಳಿದ್ದೇ ಸರಿ, ತಿದ್ದುಪಡಿ ಇಲ್ಲಿದೆ ಎಂದು ಅರ್ಧ ಪುಟವನ್ನು ಮೇಜಿನ ಮೇಲಿಟ್ಟೆ. ಅಧ್ಯಕ್ಷರು ತಿರುವಿದ ಹಾಳೆಯನ್ನು ಮತ್ತೆ ಹಿಂದಕ್ಕೆ ತಿರುವಿದರು. "ಇದನ್ನ ಈಗ ಯಾರು ಕೇಳಿದ್ರು ನಿಮ್ಮನ್ನ?" ಎಂದರು. ಗದರಿದ್ದಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ಮನೆಯಲ್ಲಿ ಕೇಳಿದರು ಎಂದೆ. ಮುಂದಿನ ವರ್ಷ ಬನ್ನಿ ಎಂದು ಕಳಿಸಿಕೊಟ್ಟರು. ಬಸ್ ಸ್ಟ್ಯಾಂಡಿನವರೆಗೆ ನನ್ನ ಮಾಮೂಲಿ ನಡಿಗೆಯಲ್ಲೇ ನಡೆದೆ. ಬೇಸರವಾಗಲಿಲ್ಲ ಎಂದರೆ ಅದೂ ಒಂದು ತಪ್ಪು ಕೋಷ್ಟಕವಾದೀತು. ಆಯಿತು, ಬಹಳ ಆಯಿತು.

ತಿಂಗಳೊಪ್ಪತ್ತಾದ ಮೇಲೆ, ಕಾಲೇಜಿನಲ್ಲಿ ಪಾಠ ಮುಗಿಸಿ ಕೈಯ ಸೀಮೆಸುಣ್ಣ ತೊಳೆಯುತ್ತಿದ್ದಾಗ ಫೋನು ಬಂತು. ರಿತುಮಣಿ. ಮಾತೆಲ್ಲ ಇಂಗ್ಲಿಷಿನಲ್ಲಿ, ಇಬ್ಬರದೂ ತಡವರಿಸುವ ಇಂಗ್ಲಿಷು. ನಾನು ಕಳಿಸಿದ ಬಾವಿಯ ನೀರಿನ ಅಳತೆಗೆ ಸರಿಯಾಗಿ ಮೆದು ನೀರು ಮಾಡಿಕೊಂಡು ಮತ್ತೆ ಪ್ರಯೋಗ ಮಾಡಿದಳಂತೆ. ನನ್ನ ಸಂಖ್ಯೆಗಳೇ ಬಂದವಂತೆ. ಗಡಸು ನೀರಿನಲ್ಲಿ ಅವಳವೇ ಬಂದವಂತೆ. ಪ್ರಬಂಧವನ್ನು ಮತ್ತೆ ಒಪ್ಪಿಸುತ್ತಿದ್ದಾಳೆ. ನಾನು ಶುಭವಾಗಲಿ ಎಂದೆ. ಆಕೆ ಫೋನು ಇಡಲಿಲ್ಲ. ಏನೋ ಕೇಳುವುದಕ್ಕೆ ಹಿಂಜರಿಯುತ್ತಿದ್ದಳು.

"ಹಾಗಾದರೆ ಸರ್, ಮೊದಲ ದಿನದಿಂದಲೂ ನನ್ನ ಅಳತೆ ಸರಿಯಾಗಿತ್ತೇ?"

"ಮೊದಲ ದಿನದಿಂದಲೂ ಸರಿಯಾಗಿತ್ತಮ್ಮ."

ಆ ಕಡೆ ಏನೋ ಸರಬರ ಸದ್ದು. ಅಳುತ್ತಿದ್ದಾಳೋ ಏನೋ ಎಂದು ಸಮಾಧಾನದ ಮಾತು ಹುಡುಕತೊಡಗಿದೆ. ಹಾಗೇನಿಲ್ಲ, ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದಳು.

"ಇನ್ನೊಂದು ಸಲ ಹೇಳಿ ಸರ್. ನನ್ನ ಮಾರ್ಗದರ್ಶಕರು ಇಲ್ಲೇ ಇದ್ದಾರೆ."

ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಾರಿಡಾರಿನಲ್ಲಿ ಹೋಗುತ್ತಿದ್ದ ಹುಡುಗರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. ಇಪ್ಪತ್ತೆರಡು ವರ್ಷಗಳ ಸಂಶೋಧನೆಯಲ್ಲಿ ಎಳ್ಳಷ್ಟೂ ಸಂಶಯವಿಲ್ಲದೆ ನಾನು ಪ್ರಕಟಿಸಿದ ಫಲಿತಾಂಶ ಅದೊಂದೇ.